ನಮ್ಮೂರು ಯಾವ ಅಂಚಿನ ಮ್ಯಾಲ ಅದ?

ನವೆಂಬರ್ 3, ಸೋಮವಾರ

ಕೊನೆಗೂ ಭೂಗೋಳಕ್ಕೆ ಮರ್ಯಾದೆ ಬಂತು.

ಇಷ್ಟು ವರ್ಷ ಸೇಡಂನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ್ದೇನೆ. ಇಷ್ಟು ವರ್ಷವೂ ಗಣಿತದವರು ನನ್ನ ಪಿರಿಯಡ್ಡನ್ನು ಪಕ್ಕದ ಮನೆಯಿಂದ ಸಕ್ಕರೆ ಒಯ್ದಂತೆ ಒಯ್ದಿದ್ದಾರೆ. "ಬಸವೇಶ್ವರಿ ಮೇಡಂ, ನಿಮ್ಮದೇನ್ರಿ, ಮಕ್ಕಳು ತಾವೇ ಓದಿಕೊಂತಾರ" ಎನ್ನುವುದು ಅವರ ವಾದ. ಇವತ್ತು ಹೆಡ್ ಮಾಸ್ತರರೇ ಸ್ಟಾಫ್ ರೂಮಿಗೆ ಎದ್ದು ಬಂದು ಆದೇಶ ನನ್ನ ಕೈಗಿಟ್ಟರು. ಚಿಂಚೋಳಿ ಕಡೆಯ ಬೂದಪಳ್ಳಿಯಲ್ಲಿ ದಸರಾ ಕಳೆದಾಗಿನಿಂದ ನೆಲದೊಳಗೆ ಗುಡುಗಿದಂತೆ ಸದ್ದು, ಸಣ್ಣ ಸಣ್ಣ ಕಂಪನ. ಜನ ಮನೆ ಬಿಟ್ಟು ರಸ್ತೆ ಪಕ್ಕದಲ್ಲಿ ಮಲಗುತ್ತಿದ್ದಾರೆ. ಅವರ ಭಯ ಹೋಗಲಾಡಿಸಲು 'ಜನಧೈರ್ಯ ಸಮಿತಿ' ಎಂಬುದೊಂದು ಹುಟ್ಟಿಕೊಂಡಿದೆ. ಅದಕ್ಕೆ ನಾನು ಸಂಪನ್ಮೂಲ ವ್ಯಕ್ತಿ.

ಸಮಿತಿಯ ಕಾರ್ಯದರ್ಶಿ ಶರಣಕುಮಾರ ಎಂಬುವವರು ಸಂಜೆ ಫೋನ್ ಮಾಡಿದ್ದರು. "ಮೇಡಂ, ನೀವು ಸೈನ್ಸ್ ಹೇಳ್ರಿ. ಮಂದಿ ಮನಿ ಒಳಗ ಹೋಗಬೇಕು, ಅಷ್ಟೇ. ಇಪ್ಪತ್ತನೇ ತಾರೀಖಿಗೆ ಬೆಂಗಳೂರಿಂದ ತಂಡ ಬರ್ಲಿಕತ್ತದ. ರೋಡಿನ ಮ್ಯಾಲ ಹಾಸಿಗಿ ಕಂಡ್ರ ಛಂದ ಕಾಣಂಗಿಲ್ಲ."

ನನ್ನ ಯಜಮಾನರು ರೇವಣಪ್ಪ, ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡು. ಊಟಕ್ಕೆ ಕುಳಿತಾಗ, "ನಿನಗ ಅಂಜಿಕಿ ಆಗಂಗಿಲ್ಲೇನು?" ಎಂದು ಕೇಳಿದರು. ನಕ್ಕುಬಿಟ್ಟೆ. ಭೂಮಿ ಹೇಗೆ ಚಲಿಸುತ್ತದೆ ಎಂದು ತಿಳಿದವರಿಗೆ ಅಂಜಿಕೆ ಎಲ್ಲಿಯದು? ಭಯ ಎನ್ನುವುದು ಅಜ್ಞಾನದ ಕೂಸು. ಈ ವಾಕ್ಯವನ್ನು ಭಾಷಣದಲ್ಲಿ ಬಳಸಬೇಕು.

ಈ ಕೆಲಸ ಸರಿಯಾಗಿ ಆದರೆ ಜಿಲ್ಲಾ ಉತ್ತಮ ಶಿಕ್ಷಕಿ ಪ್ರಶಸ್ತಿ ಈ ಬಾರಿಯೂ ಗಣಿತಕ್ಕೇ ಹೋಗುತ್ತದೆಯೋ ನೋಡೋಣ.

ನವೆಂಬರ್ 5, ಬುಧವಾರ

ಮೊದಲ ಉಪನ್ಯಾಸ. ಊರ ಮುಂದಿನ ಬೇವಿನ ಮರದ ಕೆಳಗೆ. ಶರಣಕುಮಾರರ ಜೀಪಿನಲ್ಲೇ ಹೋದೆ. ಸುತ್ತ ತೊಗರಿ ಹೂವಾಡುತ್ತಿದೆ, ನಡುವೆ ಹಾದಿಯುದ್ದಕ್ಕೂ ಮಂಚ, ಕೌದಿ, ಪಾತ್ರೆ, ಟಿ.ವಿ. ಇಡೀ ಊರು ಹೊಸ್ತಿಲು ದಾಟಿ ಹೊರಗೆ ಬಂದು ಕುಳಿತಿದೆ. ಮನೆಗಳೆಲ್ಲ ಖಾಲಿ. ನೋಡಿ ಕನಿಕರವೆನಿಸಿತು. ಇಪ್ಪತ್ತೊಂದನೇ ಶತಮಾನ!

ಮಾದರಿಗೆ ಥರ್ಮಾಕೋಲ್ ತರುವುದು ಮರೆತಿದ್ದೆ. ಮುಂದೆ ಕುಳಿತಿದ್ದ ಅನಸುಬಾಯಿ ಎಂಬ ಮುದುಕಿಯ ಬುಟ್ಟಿಯಿಂದ ಎರಡು ಜೋಳದ ರೊಟ್ಟಿ ಕೇಳಿ ಪಡೆದೆ. ಭೂಮಿಯ ಮೇಲ್ಪದರ ಒಂದೇ ಅಖಂಡ ಕಲ್ಲಲ್ಲ. ಹಲವು ಬೃಹತ್ ಫಲಕಗಳಾಗಿ ಒಡೆದಿದೆ, ಪ್ರತಿಯೊಂದೂ ನಮ್ಮ ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುತ್ತಿದೆ ಎಂದೆ. ರೊಟ್ಟಿಗಳನ್ನು ಎದುರುಬದುರು ನೂಕಿದೆ. ಒಂದು ಮಡಚಿ ಎದ್ದಿತು. "ಇದು ಹಿಮಾಲಯ." ಒಂದನ್ನು ಇನ್ನೊಂದರ ಕೆಳಗೆ ತೂರಿಸಿದೆ. "ಸಾಗರದ ಫಲಕ ಹೀಗೆ ಕೆಳಗಿಳಿಯುತ್ತದೆ. ಜ್ವಾಲಾಮುಖಿಗಳು ಹುಟ್ಟುವುದು ಇಂಥಲ್ಲಿ." ದೂರ ಎಳೆದೆ. "ಇಲ್ಲಿ ಬಿರುಕಿನಿಂದ ಕಲ್ಲಿನ ರಸ ಮೇಲೆ ಬಂದು ಹೊಸ ಸಮುದ್ರತಳವಾಗುತ್ತದೆ." ಕೊನೆಗೆ ಪಕ್ಕಕ್ಕೆ ಪಕ್ಕ ಉಜ್ಜಿದೆ. "ಕೆಲವು ಹೀಗೆ ಉಜ್ಜಿಕೊಂಡು ಸಾಗುತ್ತವೆ. ಸಿಕ್ಕಿಹಾಕಿಕೊಳ್ಳುತ್ತವೆ. ವರ್ಷಗಟ್ಟಲೆ ಬಿಗಿದುಕೊಂಡಿದ್ದು ಒಮ್ಮೆಲೇ ಜರುಗುತ್ತವೆ. ಅದೇ ಭೂಕಂಪ."

"ನೆಗೆಣ್ಣೇರು ಒಂದೇ ಒಲಿ ಮುಂದ ಇದ್ದಂಗ" ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ನಕ್ಕರು. ವಿಜ್ಞಾನವನ್ನು ಲಘುವಾಗಿ ತೆಗೆದುಕೊಳ್ಳುವ ಈ ಪ್ರವೃತ್ತಿ ಖಂಡನೀಯ.

ಅನಸುಬಾಯಿ ನಗಲಿಲ್ಲ. "ಟೀಚರ್, ಇವೆಲ್ಲ ಅಂಚಿನಾಗ ಆಗೂ ಮಾತು ಹೇಳಿದ್ರಿ. ನಮ್ಮೂರು ಯಾವ ಅಂಚಿನ ಮ್ಯಾಲ ಅದ?"

"ಯಾವ ಅಂಚಿನ ಮೇಲೂ ಇಲ್ಲ. ಹಿಮಾಲಯ ಇಲ್ಲಿಂದ ಬಹಳ ದೂರ. ನಾವು ಫಲಕದ ಒಳಭಾಗದಲ್ಲಿ ಸುರಕ್ಷಿತವಾಗಿದ್ದೇವೆ."

"ಹಂಗಾದ್ರ ಇಲ್ಲಿ ಯಾಕ ಗುಡುಗತದ್ರಿ?"

"ಅದು ಸಂಕೀರ್ಣ ವಿಷಯ."

"ಸಂಕೀರ್ಣ ಅಂದ್ರ?"

ಪಕ್ಕದಲ್ಲಿದ್ದ ಸೊಸೆ ಲುಂಬಿನಿ ಅತ್ತೆಯ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಅವರಿಗೂ ಗೊತ್ತಿಲ್ಲ ಅಂತ" ಎಂದಳು.

ಪ್ರಶ್ನೆ ಪಠ್ಯದ ಆಚೆಗಿನದು. ಹಾಗೆಂದು ಅಲ್ಲಿ ಹೇಳಲಾಗುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅನಸುಬಾಯಿ ಆ ಎರಡೂ ರೊಟ್ಟಿಗಳಿಗೆ ಪುಂಡಿಪಲ್ಯ ಹಚ್ಚಿ ನನ್ನ ಮುಂದಿಟ್ಟಳು. "ನೀವು ಮುರದೀರಿ, ನೀವೇ ಉಣ್ರಿ. ಅನ್ನ ಚೆಲ್ಲಬಾರದು." ಏಷ್ಯಾ ಖಂಡವನ್ನು ಪೂರ್ತಿ ತಿನ್ನಬೇಕಾಯಿತು. ಪಲ್ಯ ಚೆನ್ನಾಗಿತ್ತು.

ರಾತ್ರಿಯ ಹಾಸಿಗೆಯನ್ನು ಪಡಸಾಲೆಗೆ, ಬಾಗಿಲ ಬಳಿಗೆ ತಂದುಕೊಂಡಿದ್ದೇನೆ. ಒಳಕೋಣೆಯಲ್ಲಿ ಗಾಳಿ ಆಡುವುದಿಲ್ಲ.

ನವೆಂಬರ್ 7, ಶುಕ್ರವಾರ

ಸಮಿತಿಯ ಸಭೆ. ಒಂದು ಮಹತ್ವದ ಆಡಳಿತಾತ್ಮಕ ಪ್ರಶ್ನೆ ಎದ್ದಿದೆ.

ಬೂದಪಳ್ಳಿಯ ನಡುಬೀದಿಯೇ ಎರಡು ತಾಲ್ಲೂಕುಗಳ ಗಡಿ. ಪಡುವಣ ಓಣಿ ಈ ಕಡೆ, ಮೂಡಣ ಓಣಿ ಆ ಕಡೆ. ತಗಡಿನ ಶೆಡ್ಡು ಹಾಕಿಸುವುದು ಯಾರು ಎಂದು ಕೇಳಿದರೆ ಈ ಕಡೆಯ ಕಚೇರಿ, ಕಂಪನದ ಕೇಂದ್ರ ಆ ಕಡೆ ಇದೆ ಎನ್ನುತ್ತದೆ. ಆ ಕಡೆಯ ಕಚೇರಿ, ಕಂಪನ ಹುಟ್ಟಿದ್ದು ಎಲ್ಲಾದರೂ ಇರಲಿ, ಜನ ಮಲಗಿರುವುದು ಈ ಕಡೆಯ ರಸ್ತೆಯ ಮೇಲೆ ಎನ್ನುತ್ತದೆ. ಅನಸುಬಾಯಿಯ ಮನೆಯಂತೂ ಬೀದಿಗೆ ಅಡ್ಡಲಾಗಿ ಬೆಳೆದದ್ದು. ತಲಬಾಗಿಲು ಒಂದು ತಾಲ್ಲೂಕಿನಲ್ಲಿ, ಅಡುಗೆಮನೆ ಇನ್ನೊಂದರಲ್ಲಿ.

ಶರಣಕುಮಾರ ನನ್ನ ಕಡೆ ತಿರುಗಿ, "ಮೇಡಂ, ಭೂಕಂಪ ಯಾವ ತಾಲ್ಲೂಕಿಗೆ ಬರ್ತದ, ನೀವು ಸೈಂಟಿಫಿಕ್ಕಾಗಿ ಹೇಳ್ರಿ" ಎಂದರು.

ನಾನು, ಕೇಂದ್ರ ನೆಲದಿಂದ ಬಹಳ ಆಳದಲ್ಲಿರುತ್ತದೆ, ಅಲ್ಲಿ ತಾಲ್ಲೂಕು ಇರುವುದಿಲ್ಲ ಎಂದೆ. ಸಮಿತಿಯ ಅಧ್ಯಕ್ಷರಾದ ಸಾಹೇಬರು ಕೆಲಹೊತ್ತು ಯೋಚಿಸಿ, "ಹಾಗಾದರೆ ಅದು ಗಣಿ ಇಲಾಖೆಗೆ ಬರುತ್ತದೆ" ಎಂದರು. ಎಲ್ಲರಿಗೂ ಹಗುರವಾಯಿತು. ಚಹಾ, ಮಿರ್ಚಿ ಭಜಿ ಬಂದವು. ಶೆಡ್ಡಿನ ವಿಷಯ ಮುಂದಿನ ಸಭೆಗೆ.

ಎಷ್ಟು ಸುಸೂತ್ರವಾಗಿ ನಡೆಸಿದರು! ಕಲಿಯುವುದು ಇದೆ.

ಅನಸುಬಾಯಿಯ ಪ್ರಶ್ನೆ ಮಾತ್ರ ಹಲ್ಲಿನ ಸಂದಿಯ ತೊಗರಿ ಸಿಪ್ಪೆಯಂತೆ ಇನ್ನೂ ಇದೆ.

ನವೆಂಬರ್ 10, ಸೋಮವಾರ

ಶನಿವಾರ, ಭಾನುವಾರ ಓದಿದೆ. ಚಿತ್ತಾಪುರದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ನಾಹಿದಾಗೂ ಫೋನ್ ಮಾಡಿದೆ. ಡಿಗ್ರಿಯಲ್ಲಿ ನನ್ನ ಜೊತೆಗಿದ್ದವಳು. ಉತ್ತರ ಇದೆ! ನಮ್ಮ ಫಲಕ ಉತ್ತರಕ್ಕೆ ಹೋಗಿ ಏಷ್ಯಾಕ್ಕೆ ಒತ್ತಿಕೊಂಡಿದೆಯಲ್ಲ, ಆ ಒತ್ತಡ ಅಂಚಿನಲ್ಲೇ ನಿಲ್ಲುವುದಿಲ್ಲ. ಕಲ್ಲು ಗಟ್ಟಿಯಾದ್ದರಿಂದ ಒಳಗಿನವರೆಗೂ ಸಾಗುತ್ತದೆ. ಒಳಗೆಲ್ಲೋ ಹಳೆಯ ಬಿರುಕುಗಳಿದ್ದರೆ ಅವು ಜರುಗುತ್ತವೆ. ಈ ಸಲದಂಥ ಜೋರು ಮಳೆಯ ನೀರು ಸುಣ್ಣಕಲ್ಲಿನ ಸಂದಿಗಳಿಗೆ ಇಳಿದರೆ ಜರುಗುವುದು ಇನ್ನೂ ಸುಲಭ. ಹೆಚ್ಚಿನವು ಸಣ್ಣವು. ಎಲ್ಲವೂ ಸಣ್ಣವೇ ಆಗಿರುತ್ತವೆ ಎಂದು ಯಾರೂ ಬರೆದುಕೊಡುವುದಿಲ್ಲ ಎಂದಳು ನಾಹಿದಾ.

ಇವತ್ತು ಕಾರ್ಯಕ್ರಮವಿರಲಿಲ್ಲ. ಆದರೂ ಶಾಲೆ ಬಿಟ್ಟೊಡನೆ ಸುಲೇಪೇಟ ಬಸ್ಸು ಹಿಡಿದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹಿಂದಿನ ಬಾಗಿಲಿನಿಂದ ಜನ ನೂಕಿದರೆ ನಡುವೆ ನಿಂತ ನನ್ನ ಪಕ್ಕೆಲುಬು ಕಟ್ ಎಂದಿತು. ಅಲ್ಲೇ ಉದಾಹರಣೆ ಸಿಕ್ಕಿತು.

ಅನಸುಬಾಯಿ ತನ್ನ ಮನೆಯೆದುರು ಮಂಚದ ಮೇಲೆ ಅವರೆ ಸುಲಿಯುತ್ತಿದ್ದಳು. ಹೇಳಿದೆ. "ನೂಕಾಟ ನಡೆದಿರೂದು ಹಿಮಾಲಯದ ಬಾಗಿಲಾಗ. ಬೂದಪಳ್ಳಿ ನಡಬಸ್ಸಿನಾಗ ನಿಂತದ."

ಆಕೆ ಕೈ ನಿಲ್ಲಿಸಿದಳು. "ಹಂಗಾದ್ರ ಇಳಿಯೂ ಹಂಗಿಲ್ಲ."

"ಇಲ್ಲ."

"ಬಸ್ಸು ನಿಂದರಸೂ ಹಂಗೂ ಇಲ್ಲ."

"ಇಲ್ಲ."

"ಮತ್ತ ನಾ ಹೊರಗ ಮಲಗಾಕತ್ತಿದ್ದು ತಪ್ಪೇನು?"

 ಆಕೆ ಮನೆ ತೋರಿಸಿದಳು. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ, ಮರದ ತೊಲೆ, ಜಂತೆ, ಅದರ ಮೇಲೆ ಶಹಾಬಾದಿನ ಫರಸಿ ಕಲ್ಲು, ಅದರ ಮೇಲೆ ಮಣ್ಣು. ಸೋರಬಾರದೆಂದು ಪ್ರತಿ ಬೇಸಿಗೆಗೆ ಇನ್ನಷ್ಟು ಮಣ್ಣು. ಮೂರು ತಲೆಮಾರಿನ ಮಣ್ಣು ಹೊತ್ತು ಮಾಳಗಿ, ಅಂದರೆ ಆ ಚಾವಣಿ, ಹೊಟ್ಟೆ ಬಿಟ್ಟಿದೆ. ಮಗ ಸೂರ್ಯಕಾಂತ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ.

"ನಮ್ಮ ತಂಗೀನ್ನ ಕಿಲ್ಲಾರಿ ಕಡಿ ಕೊಟ್ಟಿದ್ವಿ" ಎಂದಳು, ಅವರೆ ಸುಲಿಯುತ್ತಲೇ. "ಅಲ್ಲಿ ದೊಡ್ಡ ಭೂಕಂಪ ಆದ ಸಲ ಇಂಥಾದೇ ಮಾಳಗಿ ಕೆಳಗ ಇದ್ಲು. ನಾವು ಹೋಗೂದ್ರಾಗ ಮಣ್ಣು ತಗದಿದ್ರು."  ಒಂದು ಸೇರು ಅವರೆ ಕಟ್ಟಿಕೊಟ್ಟಳು.

ನಮ್ಮ ಮನೆಯ ಹಾಸಿಗೆ ಈಗ ಅಂಗಳದಲ್ಲಿದೆ. ಚಳಿ ಇದೆ. ಆದರೆ ಬಯಲ ಗಾಳಿ ಆರೋಗ್ಯಕ್ಕೆ ಒಳ್ಳೆಯದು.

ನವೆಂಬರ್ 12, ಬುಧವಾರ

ಸಾಹೇಬರಿಗೊಂದು ಹೊಳೆದಿದೆ: 'ನಿರ್ಭೀತ ಭೋಜನ'. ಸಮಿತಿಯವರು ಊರಿನ ಒಂದು ಮನೆಯ ಒಳಗೆ ಕೂತು ಊಟ ಮಾಡುವುದು, ಫೋಟೋ ತೆಗೆಸುವುದು. ಅಧಿಕಾರಿಗಳೇ ಒಳಗೆ ಉಂಡ ಮೇಲೆ ಜನ ಯಾಕೆ ಅಂಜುತ್ತಾರೆ? ಆರಿಸಿದ್ದು ಅನಸುಬಾಯಿಯ ಮನೆ. ಕಾರಣ, ಅದರ ಮುಂದೆ ಜೀಪು ತಿರುಗಿಸಲು ಜಾಗವಿದೆ.

ಅದಕ್ಕೂ ಮೊದಲು ಪೇಪರಿಗೆ ಕೊಡಲು ನನ್ನ ವೈಜ್ಞಾನಿಕ ಹೇಳಿಕೆ ಬೇಕಂತೆ. ಬರೆದೆ: "ಇಂಥ ಕಂಪನಗಳು ಹೆಚ್ಚಾಗಿ ಸಣ್ಣವೇ, ಭಯಪಡಬೇಕಿಲ್ಲ. ಆದರೆ ಮಾಳಗಿಗಳ ಭಾರ ಇಳಿಸಿ, ಗೋಡೆ ಪರೀಕ್ಷಿಸುವವರೆಗೆ ಒಳಗೆ ಮಲಗಬಾರದು."

ಶರಣಕುಮಾರ ಓದಿ, ಪೆನ್ನು ತೆಗೆದು, 'ಆದರೆ'ಯಿಂದ ಮುಂದೆ ಗೀಟು ಹಾಕಿದರು. "ಮೇಡಂ, 'ಆದರೆ' ಅಂದ್ರ ಸಾಹೇಬ್ರಿಗೆ ಆಸಿಡಿಟಿ ಆಗತದ."

"ಆದರೆ ವಿಜ್ಞಾನ..."

"ನೋಡ್ರಿ, ಮತ್ತ 'ಆದರೆ' ಅಂದ್ರಿ."

ಸಹಿ ಮಾಡಿದೆ. ಉಳಿದ ವಾಕ್ಯ ಸುಳ್ಳಲ್ಲವಲ್ಲ. ಪ್ರಶಸ್ತಿಯ ಪಟ್ಟಿ ಡಿಸೆಂಬರಿನಲ್ಲಿ.

ನವೆಂಬರ್ 15, ಶನಿವಾರ

ಅನಸುಬಾಯಿಯ ಕಾಲು ಮುರಿದಿದೆ. ನನಗೇನೂ ಆಗಿಲ್ಲ. ಉಳಿದದ್ದು ನಾಳೆ ಬರೀತೀನಿ.

ನವೆಂಬರ್ 16, ಭಾನುವಾರ

ಇವತ್ತು ಕೂತು ಬರೀತೀನಿ.

ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ತಯಾರಾಗಿತ್ತು. ಬಾಗಿಲಿಗೆ ಬ್ಯಾನರ್. ಲುಂಬಿನಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು ಮಾಡಿಟ್ಟಿದ್ದಳು. ಒಳಗೆ ಹೋಗಿ ಬಡಿಸು ಎಂದರೆ ಅನಸುಬಾಯಿ ಒಪ್ಪಲಿಲ್ಲ. "ನಾ ಒಳಗ ಬರಂಗಿಲ್ಲ. ಬೇಕಾದ್ರ ಬಾಗಲ ತನಕ ತಂದು ಕೊಡ್ತೀನಿ" ಎಂದು ಹೊರಗೇ ಕೂತಳು. ಸಾಹೇಬರು ಬಂದರು. ಹೊಸ್ತಿಲ ಮೇಲೆ ಒಂದು ಕಾಲಿಟ್ಟರು. ಫೋಟೋ ತೆಗೆದರು. ಆಮೇಲೆ ತಲೆ ಎತ್ತಿ ಮಾಳಗಿ ನೋಡಿದರು. ನೋಡುತ್ತಲೇ ಇದ್ದರು.

"ಒಳಗೆ ಬೆಳಕು ಕಡಿಮೆ. ಫೋಟೋ ಸರಿಯಾಗಿ ಬರುವುದಿಲ್ಲ" ಎಂದರು.

ತಟ್ಟೆಗಳೆಲ್ಲ ಬೇವಿನ ಮರದ ಕೆಳಗೆ ಹೋದವು. ಶರಣಕುಮಾರ ನನ್ನ ಹತ್ತಿರ ಬಂದು, "ಒಬ್ಬರಾದ್ರೂ ಒಳಗ ಉಣ್ಣಬೇಕಲ್ರಿ ಮೇಡಂ, ಬ್ಯಾನರ್ ಬರಸೀವಿ. ನೀವು ಹೆಂಗೂ ಅಂಜೂರಲ್ಲ" ಎಂದರು. ಊರೆಲ್ಲ ನೋಡಾಕತ್ತಿತ್ತು. ಒಳಗೆ ಹೋಗಿ ಕುಳಿತೆ. ಒಬ್ಬಳೇ. ಫೋಟೋದವನು ಬಾಗಿಲಿಂದಲೇ ಎರಡು ತೆಗೆದು ಹೋದ.

ಮೊದಲು ಬಂದದ್ದು ಸದ್ದು. ಗಣಿಯಲ್ಲಿ ಮದ್ದು ಹಾರಿಸಿದಂತೆ, ಆದರೆ ಕೆಳಗಿನಿಂದ. ಆಮೇಲೆ ನೆಲ ನನ್ನನ್ನು ಮೊರದಾಗ ಕಾಳು ಕೇರಿದಂಗ ಕೇರಿತು. ಮಾಳಗಿಯಿಂದ ಮಣ್ಣು ಉದುರಿತು, ಮೊಸರಿನ ಬಟ್ಟಲಿಗೂ ಬಿತ್ತು. ನಾನು ಏಳಬೇಕಿತ್ತು. ಎಷ್ಟು ಮಕ್ಕಳಿಗೆ ಹೇಳಿಕೊಟ್ಟೀನಿ! ಏಳಲಿಲ್ಲ. ಏನು ಮಾಡಾಕತ್ತಿದ್ದೆ ಅಂತ ಈಗ ನೆನಸಿದರ ನಾಚಿಕಿ ಬರ್ತದ. ಮೊಸರಾಗ ಬಿದ್ದ ಮಣ್ಣನ್ನ ಬೆರಳಿನಿಂದ ಒಂದೊಂದೇ ಆರಿಸಿ ತಾಟಿನ ಅಂಚಿಗೆ ಇಡಾಕತ್ತಿದ್ದೆ.

ಯಾರೋ ಕೈ ಹಿಡಿದು ಜಗ್ಗಿದರು. ಅನಸುಬಾಯಿ. ಒಳಗೆ ಬರಂಗಿಲ್ಲ ಅಂದಿದ್ದ ಅನಸುಬಾಯಿ. "ಏಳ್ ಏಳ್ ಯವ್ವ, ಮೊಸರು ಬಿಡು!" ಹೊಸ್ತಿಲಿಗೆ ಬಂದಾಗ ಹಿಂದೆ ಅಡಗಿಮನಿ ಕಡೆ ಫರಸಿ ಜಾರಿ, ಗೋಡೆ ಕುಂತಿತು. ಒಂದು ಕಲ್ಲು ಉರುಳಿ ಬಂದು ಆಕೆಯ ಕಾಲಿನ ಮೇಲೆ. ಆಕೆ ಕೂಗಲಿಲ್ಲ. ನಾನು ಕೂಗಿದೆ.

ಹೊರಗೆ ಬೇವಿನ ಮರದ ಕೆಳಗೆ ತಾಟುಗಳು, ಒಂದಿಷ್ಟು ಚಪ್ಪಲಿ. ಜೀಪು ಆಗಲೇ ಸುಲೇಪೇಟ ರಸ್ತೆಯ ಮೇಲೆ ಧೂಳೆಬ್ಬಿಸಾಕತ್ತಿತ್ತು. ಶರಣಕುಮಾರ ಒಬ್ಬರೇ ಬ್ಯಾನರಿನ ಕಟ್ಟಿಗೆ ಹಿಡಕೊಂಡು ನಿಂತಿದ್ದರು, ಮುಖ ಸುಣ್ಣ. ಲುಂಬಿನಿ ಒಂದು ಟಂಟಂ ಆಟೋ ನಿಲ್ಲಿಸಿದಳು. ನಾನು, ಲುಂಬಿನಿ, ಶರಣಕುಮಾರ ಮೂವರೂ ಮುದುಕೀನ ಎತ್ತಿ ಕೂಡಿಸಿ ಚಿಂಚೋಳಿ ದವಾಖಾನಿಗೆ ಒಯ್ದೆವು. 

ನಾ ಬರೆದುಕೊಟ್ಟ ಹೇಳಿಕೆಯ ಬಗ್ಗೆ ಏನೂ ಬರೆಯೂದು ಬ್ಯಾಡ ಅನಸ್ತದ.

ನವೆಂಬರ್ 18, ಮಂಗಳವಾರ

ಪೇಪರಿನಾಗ ನನ್ನ ಫೋಟೋ ಬಂದದ. ಮಾಳಗಿ ಕೆಳಗ ಕುಂತು ಎಣಗಾಯಿ ತಿನ್ನೂದು. ಕೆಳಗ ಬರದಾರ: 'ಅಧಿಕಾರಿಗಳ ನಿರ್ಭೀತ ಭೋಜನ ಯಶಸ್ವಿ. ಜನರಲ್ಲಿ ಮೂಡಿದ ಧೈರ್ಯ'. ಹೆಡ್ ಮಾಸ್ತರು ನೋಟಿಸ್ ಬೋರ್ಡಿಗೆ ಹಚ್ಚಿಸ್ಯಾರ. ಗಣಿತದವರು ಕೈ ಕುಲುಕಿದರು. ಇಂಥ ದಿನಕ್ಕ ಎಷ್ಟು ವರ್ಷ ಕಾದಿದ್ದೆ. ಆದರ ಫೋಟೋ ನೋಡಿದರ ಮಾಳಗಿ ಅಷ್ಟೇ ಕಾಣಸ್ತದ.

ಶರಣಕುಮಾರ ದವಾಖಾನಿಗೆ ಬಂದಿದ್ದರು. ಹೂವಿನ ಗುಚ್ಛ ತಂದಿದ್ದರು, ಅದರ ಮ್ಯಾಲ ಸಮಿತಿ ಹೆಸರು. ನನ್ನ ಹೊರಗ ಕರದು ಅಂದರು, "ಮೇಡಂ, ವರದಿ ಜರಾ ಸಂಬಾಳಿಸಿ ಬರೀಬೇಕು. ಬಿದ್ದದ್ದು ಅಡಗಿಮನಿ ಅಲ್ಲೇನ್ರಿ? ಅದು ಆ ಕಡಿ ತಾಲ್ಲೂಕಿಂದು. ನಮ್ಮ ಕಡಿ ತಲಬಾಗಿಲ ಖಡಕ್ ನಿಂತದ."

"ಮುರದ ಕಾಲು ಯಾವ ತಾಲ್ಲೂಕಿಗೆ ಬರ್ತದ್ರಿ?" ಅಂತ ಕೇಳಿದೆ.

ಅವರು ಖರೇನೇ ವಿಚಾರ ಮಾಡಲಿಕ್ಕೆ ಹತ್ತಿದರು. ಆಮ್ಯಾಲ ನನ್ನ ಮುಖ ನೋಡಿ ಮಾತು ತಿರುಗಿಸಿದರು. "ಮತ್ತ ಆ ಗ್ವಾಡಿ ಭೂಕಂಪಕ್ಕ ಬಿದ್ದದ್ದಲ್ಲ, ವಯಸ್ಸಾಗಿ ಬಿದ್ದದ ಅಂತ ಬರದ್ರ ಎಲ್ಲರಿಗೂ ಚೊಲೋ. ಸಾಹೇಬ್ರು ಹೇಳ್ಯಾರ."

ಒಳಗ ಹೋದರ ಅನಸುಬಾಯಿ ಪ್ಲಾಸ್ಟರಿನ ಕಾಲು ತಲಿದಿಂಬಿನ ಮ್ಯಾಲ ಇಟ್ಟು ಮಲಗಿದ್ಲು. "ಒಂದು ಕೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ. ಅವರೆಲ್ಲ ಹೊರಗ ಕುಂತಾಗ ನೀ ಒಳಗ ಯಾಕ ಕುಂತಿ?"

"ಅಂಜಿಕಿ ಇಲ್ಲ ಅಂತ ತೋರಸಲಿಕ್ಕ."

"ಇದ್ದಿಲ್ಲೇನು?"

"ಇತ್ತು."

ಈ ಮಾತು ಇಲ್ಲಿ ತನಕ ಯಾರಿಗೂ ಹೇಳಿದ್ದಿಲ್ಲ. ರೇವಣಪ್ಪನವರಿಗೂ. ಆದರ ಅವರಿಗೆ ಗೊತ್ತದ ಅಂತ ಕಾಣಸ್ತದ. ಅಂಗಳದಾಗಿನ ನನ್ನ ಹಾಸಿಗಿ ಬಾಜೂಕ ತಮ್ಮದೂ ತಂದು ಹಾಕ್ಯಾರ. "ಬಯಲ ಗಾಳಿ ಆರೋಗ್ಯಕ್ಕ ಚೊಲೋ ಅಂತಲ್ಲ" ಅಂದರು.

ವರದಿ ಬರೀಲಿಲ್ಲ.

ನವೆಂಬರ್ 20, ಗುರುವಾರ

ಬೆಂಗಳೂರಿನ ತಂಡ ಬಂತು, ಹೋಯಿತು. ಅವರು ಬರೂ ಮೊದಲು ಹಾದಿ ಮ್ಯಾಲಿನ ಹಾಸಿಗಿ ಎಲ್ಲಾ ಎತ್ತಿಸಿದ್ದರು. ಮಂದೀನ ಮನಿ ಒಳಗ ಕೂಡಿಸಿ, ಬಾಗಲಾಗ ನಿಂತು ಕೈ ಮುಗೀಬೇಕು ಅಂತ ಹೇಳಿದ್ದರು. ಮಂದಿ ಬಾಗಲ ತನಕ ಬಂದರು, ಹೊರಗಿನಿಂದ.

ವೇದಿಕಿ ಮ್ಯಾಲ ನನಗ ಮೂರು ನಿಮಿಷ. ಕೈಯಾಗ ಶರಣಕುಮಾರ ಟೈಪ್ ಮಾಡಿಸಿ ಕೊಟ್ಟ ಹಾಳಿ. ಅದರ ಮೊದಲ ಸಾಲು ನನ್ನದೇ, 'ಭಯ ಎನ್ನುವುದು ಅಜ್ಞಾನದ ಕೂಸು'. ಓದಲಿಕ್ಕೆ ಬಾಯಿ ತಗದೆ. ಮುಂದ ಲುಂಬಿನಿ ಕುಂತಿದ್ಲು. ಓದಲಿಲ್ಲ.

ಏನು ಹೇಳಿದೆ ಅಂತ ಪೂರಾ ನೆನಪಿಲ್ಲ. ಇಷ್ಟು ನೆನಪದ: "ಇದು ಯಾವ ಅಂಚಿನ ಊರೂ ಅಲ್ಲ. ನೂಕೂದು ದೂರದಾಗ, ನೋವು ಇಲ್ಲಿ. ಮತ್ತ ಗುಡುಗತದ. ಯಾವಾಗ ಅಂತ ನನಗ ಗೊತ್ತಿಲ್ಲ, ಇಲ್ಲಿ ಕುಂತ ಯಾರಿಗೂ ಗೊತ್ತಿಲ್ಲ. ಸಣ್ಣದೇ ಬರ್ತದ ಅಂತ ಹೇಳಾವ್ರನ್ನ ನಂಬಬ್ಯಾಡ್ರಿ. ನಾನೂ ಹಂಗ ಬರದು ಸಹಿ ಹಾಕಿದ್ದೆ. ನೆಲ ಅಲಗಾಡಿದರ ಮನಿಶ್ಯಾ ಬೀಳ್ತಾನ, ಮತ್ತ ಏಳ್ತಾನ. ಮಾಳಗಿ ಬಿದ್ದರ ಏಳಂಗಿಲ್ಲ. ಮ್ಯಾಲಿನ ಮಣ್ಣು ಇಳಸೂ ತನಕ, ಗ್ವಾಡಿ ಗಟ್ಟಿ ಮಾಡೂ ತನಕ ಒಳಗ ಮಲಗಬ್ಯಾಡ್ರಿ. ಇಲ್ಲಿ ಒಳಗ ಕುಂತು ಉಂಡಾಕಿ ನಾ ಒಬ್ಬಾಕಿನೇ. ಉಳದವರು ಮರದ ಕೆಳಗ ಉಂಡಾರ. ಅವರು ಶಾಣ್ಯಾ."

ಮೈಕ್ ಬಂದಾಯಿತು. ಕರೆಂಟ್ ಹೋಯಿತಂತ. ಫ್ಯಾನ್ ಮಾತ್ರ ತಿರಗಾಕತ್ತಿತ್ತು.

ತಂಡದಾಗ ಒಬ್ಬ ಹೆಣ್ಣಮಗಳು ಇದ್ಲು, ಎಂಜಿನಿಯರಿಣಿ. ಆಕಿ ಒಬ್ಬಾಕಿನೇ ಕಾರಿಗೆ ಹೋಗದ ಅನಸುಬಾಯಿ ಮನಿ ಕಡಿ ನಡದ್ಲು. ಸಾಹೇಬ್ರು ಹಿಂದ ಓಡಿದರು, "ಮೇಡಂ, ಅದು ನಮ್ಮ ತಾಲ್ಲೂಕಲ್ಲ" ಅಂತ.

ನವೆಂಬರ್ 22, ಶನಿವಾರ

ನನ್ನ ನಿಯೋಜನೆ ರದ್ದು. ಪ್ರಶಸ್ತಿ ಪಟ್ಟಿಯಾಗ ಗಣಿತದವರ ಹೆಸರು ಹೋಗ್ಯದ ಅಂತ ಹೆಡ್ ಮಾಸ್ತರು ಅಂದರು. ಬೋರ್ಡಿನ ಮ್ಯಾಲಿನ ಪೇಪರ್ ತಗಸ್ಯಾರ.

ಸುಲೇಪೇಟ ಬಸ್ಸಿಗೆ ಹೊತ್ತಾಯಿತು.

ನವೆಂಬರ್ 29, ಶನಿವಾರ

ಒಂದು ವಾರ ಬರಿಯಾಕ ಆಗಿಲ್ಲ. ದಿನಾ ಸಾಲಿ ಬಿಟ್ಟ ಮ್ಯಾಲ ಬೂದಪಳ್ಳಿ. ತಗಡಿನ ಶೆಡ್ಡು ಬಂದಾವ. ಎಂಜಿನಿಯರಿಣಿ ಬರದದ್ದಕ್ಕ ಬಂದಾವ ಅಂತ ಒಬ್ಬರು, ಸಾಹೇಬ್ರು ಹೋರಾಡಿ ತಂದಾರ ಅಂತ ಪೇಪರು. ಎರಡೂ ತಾಲ್ಲೂಕು ತಮ್ಮ ತಮ್ಮ ಓಣಿಯಾಗ ಹಾಕ್ಯಾವ, ನಡುವ ಬೀದಿ ಮ್ಯಾಲ ಯಾರೂ ಹಾಕಿಲ್ಲ. ಊರ ಮಂದಿ ತಾವೇ ಮಾಳಗಿ ಮಣ್ಣು ಇಳಸಾಕತ್ಯಾರ. ಸೂರ್ಯಕಾಂತ ಗಣಿಗೆ ರಜಾ ಹಾಕಿ ಬಂದಾನ. ನಾನು ಕೆಳಗ ನಿಂತು ಬುಟ್ಟಿ ಇಸಕೊಂತೀನಿ. ಅನಸುಬಾಯಿ ಶೆಡ್ಡಿನಾಗ ಕಾಲು ಚಾಚಿ ಕುಂತು ಎಲ್ಲರಿಗೂ ಹುಕುಂ ಕೊಡ್ತಾಳ.

ಇವತ್ತು ಮಧ್ಯಾಹ್ನ ಶರಣಕುಮಾರ ಬೈಕ್ ಮ್ಯಾಲ ಬಂದರು. ಜೀಪಲ್ಲ. ನನ್ನ ಕೈಗೆ ಒಂದು ಲಕೋಟಿ ಕೊಟ್ಟರು. 'ಸಾರ್ವಜನಿಕರಲ್ಲಿ ಭೀತಿ ಹರಡಿದ್ದಕ್ಕೆ ನಿಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು?' ಏಳು ದಿನದಾಗ ಉ‌ತ್ತರ ಕೊಡಬೇಕಂತ.

"ನನ್ನ ಕೈಯಾಗ ಏನಿಲ್ರಿ ಮೇಡಂ" ಅಂದರು.

ಅಷ್ಟರಾಗ ಗುಡುಗಿತು. ಸಣ್ಣದೇ. ನಾವೆಲ್ಲ ಇದ್ದಲ್ಲೇ ಬಯಲಿಗೆ ಸರದು ನಿಂತಿವಿ. ಮಂದಿಗೆ ಈಗ ರೂಢಿ ಆಗ್ಯದ. ಶರಣಕುಮಾರ ಗಾಬರ್ಯಾಗಿ ಓಡಿದರು, ಎಲ್ಲಿಗಂತ ನೋಡಿದರ ಮಣ್ಣು ಇಳಸದ ಒಂದು ಮನಿ ಒಳಗ!

"ಹೊರಗ ಬರ್ರಿ! ಹೊರಗ!" ಅಂತ ಇಡೀ ಓಣಿ ಚೀರಿತು. ನಾನು ಹೋಗಿ ತೋಳು ಹಿಡದು ಎಳಕೊಂಡು ಬಂದೆ. ಬೆವತಿದ್ದರು. ಲುಂಬಿನಿ ನೀರು ಕೊಟ್ಲು. ಯಾರೂ ನಗಲಿಲ್ಲ. ಸೂರ್ಯಕಾಂತ ಮಾಳಗಿ ಏರಿ ಮತ್ತ ಸಲಿಕಿ ಹಿಡದ.

ಶರಣಕುಮಾರ ಬೈಕಿನ ತನಕ ಹೋದರು. ಚಾವಿ ಹಚ್ಚಿದರು, ಮತ್ತ ತಗದರು. ತಿರಗಿ ಬಂದರು. ಮಂದಿಗೆ ಕೇಳಬಾರದಂಗ ಸಣ್ಣ ದನಿಯಾಗ ಅಂದರು:

"ಮೇಡಂ, ಸೇಡಂದಾಗ ನಮ್ಮ ಹಳೀ ಮನೀನೂ ಮಾಳಗೀನೇ ಅದ. ಭಾಳ ಮಣ್ಣದ. ನಮ್ಮವ್ವ ಒಬ್ಬಾಕೀನೇ ಒಳಗ ಮಲಗ್ತಾಳ, ನಾ ಹೇಳಿದ್ರ ಕೇಳಂಗಿಲ್ಲ. 'ಪೇಪರಿನಾಗ ಬಂದದಲ್ಲೋ, ಅಂಜೂದು ಏನಿಲ್ಲ ಅಂತ, ಟೀಚರೇ ಬರದಾರ' ಅಂತಾಳ." ಲಕೋಟಿ ಕಡಿ ನೋಡಲಿಲ್ಲ, ನನ್ನ ಕಡೀನೂ ನೋಡಲಿಲ್ಲ. "ಏನ್ ಮಾಡಬೇಕ್ರಿ?"

ನಾಳಿ ಐತವಾರ. ಸೂರ್ಯಕಾಂತ ಸಲಿಕಿ, ಬುಟ್ಟಿ ತಗೊಂಡು ಬರ್ತೀನಿ ಅಂದಾನ. ರೇವಣಪ್ಪನವರಿಗೂ ಡ್ಯೂಟಿ ಇಲ್ಲ. ಮದಲು ಆ ಮುದುಕೀನ ಹೊರಗ ಕರಕೊಂಡು ಬರಬೇಕು. ಆಕಿಗೆ ನಾನೇ ಹೇಳಬೇಕು, ನಾ ಬರದದ್ದು ತಪ್ಪದ ಅಂತ. ಮಣ್ಣು ಆಮ್ಯಾಲ.